ಏರೇಟರ್‌ಗಿಂತ ಮೊದಲು ಸಂಪು ನೋಡಿ

ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಎತ್ತಬೇಕು. ಅಷ್ಟು ಕರೆಂಟು ತಿಂದು ಬಂದ ನೀರು ಸಂಪಿನ ಬಿರುಕಿನಲ್ಲಿ ಇಂಗಿಹೋದರೆ ಹೊಟ್ಟೆ ಉರಿಯುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್‌ಗಳಂಥ ಕಡೆ ಏರೇಟರ್ (ನಲ್ಲಿಯ ತುದಿಗೆ ಹಾಕಿ, ಗಾಳಿ ಬೆರೆಸಿ ನೀರಿನ ಹರಿವು ತಗ್ಗಿಸುವ ಪುಟ್ಟ ಜಾಲರಿ) ಕಡ್ಡಾಯ ಮಾಡಿದ ಮೇಲೆ ಎಲ್ಲರ ಕಣ್ಣು ನಲ್ಲಿಯ ತುದಿಗೆ ಹೋಯಿತು. ನಾನು ಮನೆಯ ಪೈಪನ್ನು ಮೂರು ತುಂಡಾಗಿ ನೋಡಿ, ಸೋರುವುದನ್ನು ಮೊದಲು ನಿಲ್ಲಿಸಿದೆ.

ಮೊದಲ ತುಂಡು ಮೀಟರ್‌ನಿಂದ ಸಂಪಿನವರೆಗೆ. ನೀರು ಬಿಟ್ಟ ದಿನವೇ ಇದನ್ನು ನೋಡಬೇಕು. ಶುರುವಿನಲ್ಲಿ ಪೈಪಿನ ಗಾಳಿಗೂ ಮೀಟರ್ ತಿರುಗುತ್ತದೆ, ಹಾಗಾಗಿ ನೀರು ಒಂದೇ ಸಮ ಬರುವವರೆಗೆ ಕಾಯಿರಿ. ಆಮೇಲೆ ಸಂಪು ತುಂಬಿದಾಗ ನೀರು ನಿಲ್ಲಿಸುವ ಬಾಲ್ ವಾಲ್ವ್‌ನ ತೋಳನ್ನು ಹಗ್ಗದಿಂದ ಮೇಲಕ್ಕೆ ಕಟ್ಟಿ, ಮೀಟರ್‌ನಿಂದ ನೇರ ಬರುವ ನಲ್ಲಿಗಳನ್ನೂ ಮುಚ್ಚಿ. ಆಗಲೂ ಮೀಟರ್ ಮುಖದ ಪುಟ್ಟ ನಕ್ಷತ್ರದ ಚಕ್ರ ತಿರುಗುತ್ತಿದ್ದರೆ ಒಂದೋ ವಾಲ್ವ್‌ನ ವಾಷರ್ ಸವೆದಿದೆ, ಇಲ್ಲವೇ ನೆಲದೊಳಗೆ ಪೈಪು ಒಡೆದಿದೆ. ವಾಲ್ವ್‌ನಿಂದ ಹನಿ ಬೀಳುತ್ತಿದೆಯಾ ಅಂತ ಟಾರ್ಚ್ ಹಿಡಿದು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಎರಡನೆಯದು ಸಂಪು. ಹೆಚ್ಚಿನ ನಷ್ಟ ಇಲ್ಲೇ, ಕಣ್ಣಿಗೆ ಬೀಳದಿರುವುದೂ ಇದೇ. ರಾತ್ರಿ ಪಂಪ್ ಹಾಕದೆ, ಒಳಬರುವ ವಾಲ್ವ್ ಮುಚ್ಚಿ, ಒಣ ಕೋಲು ಇಳಿಸಿ ಒದ್ದೆಯಾದಷ್ಟಕ್ಕೆ ಗೆರೆ ಹಾಕಿ. ಬೆಳಗ್ಗೆ ಅದೇ ಜಾಗದಲ್ಲಿ ಮತ್ತೆ ಇಳಿಸಿ. ಆರಡಿಗೆ ಆರಡಿ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಹೋಗಿದ್ದು 33 ಲೀಟರ್. ಮಟ್ಟ ಒಂದು ಎತ್ತರಕ್ಕೆ ಇಳಿದು ಅಲ್ಲೇ ನಿಂತರೆ ಬಿರುಕು ಆ ಎತ್ತರದಲ್ಲೇ ಇರುತ್ತದೆ. ಬಹಳ ಸಲ ಪೈಪು ಗೋಡೆ ತೂರುವ ಜಾಗದಲ್ಲಿ. ಬರೀ ಸಿಮೆಂಟ್ ಮೆತ್ತಿದರೆ ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಸುತ್ತ ಒಂದಿಂಚು ಕೆತ್ತಿ, ವಾಟರ್‌ಪ್ರೂಫಿಂಗ್ ದ್ರಾವಣ ಕಲಸಿದ ಗಾರೆ ತುಂಬಿ, ಅದನ್ನು ಒದ್ದೆಯಾಗಿಟ್ಟು ಗಟ್ಟಿಯಾಗಲು ಬಿಡಬೇಕು (ಕ್ಯೂರಿಂಗ್). ಈ ಬಿರುಕನ್ನು ಮುಚ್ಚದೆ ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಹೊರಗಿನ ಕೊಳಕು ಒಳಗೆ ಬರುತ್ತದೆ.

ಮೂರನೆಯದು ಮೇಲಿನ ಟ್ಯಾಂಕ್‌ನಿಂದ ಕೆಳಗೆ. ಫ್ಲಷ್ ಟ್ಯಾಂಕಿಗೆ ಬಟ್ಟೆಯ ನೀಲಿ ಆರೇಳು ಹನಿ ಹಾಕಿ ಅರ್ಧ ಗಂಟೆ ಬಿಡಿ. ಕಮೋಡಿನಲ್ಲಿ ನೀಲಿ ಕಂಡರೆ ತಳದ ವಾಷರ್ ಕೂರುತ್ತಿಲ್ಲ. ಬೋರ್ ನೀರಿನ ಮನೆಯಾದರೆ ಹೊಸ ವಾಷರ್ ತರುವ ಮೊದಲು ಅಲ್ಲಿ ಕಟ್ಟಿದ ಬಿಳಿ ಸುಣ್ಣವನ್ನು ವಿನೆಗರ್‌ನಲ್ಲಿ ಒರೆಸಿ ನೋಡಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಲೋಟ ಇಡಿ: ಹತ್ತು ನಿಮಿಷಕ್ಕೆ 100 ಮಿಲಿಲೀಟರ್ ಅಂದರೆ ದಿನಕ್ಕೆ 14 ಲೀಟರ್ ದಾಟಿತು.

ಇಷ್ಟಾದ ಮೇಲೆ ಏರೇಟರ್. ಮೊದಲು ಒಂದು ಲೀಟರ್ ಮಗ್ಗು ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಅಳೆಯಿರಿ; ಐದು ಸೆಕೆಂಡ್ ಅಂದರೆ ನಿಮಿಷಕ್ಕೆ 12 ಲೀಟರ್. ಟ್ಯಾಂಕ್ ನಲ್ಲಿಗಿಂತ ಹತ್ತಡಿ ಮಾತ್ರ ಎತ್ತರದಲ್ಲಿದ್ದರೆ ಒತ್ತಡ ಬರೀ 0.3 ಬಾರ್. ಹೆಚ್ಚು ಒತ್ತಡಕ್ಕೆ ಮಾಡಿದ ಏರೇಟರ್ ಅಲ್ಲಿ ಹಾಕಿದರೆ ದಾರದಷ್ಟು ನೀರು ಬರುತ್ತದೆ, ವಾರದೊಳಗೆ ಮನೆಯವರೇ ಬಿಚ್ಚಿಡುತ್ತಾರೆ. ಅಂಗಡಿಯಲ್ಲಿ ಕಡಿಮೆ ಒತ್ತಡದ್ದೇ ಕೇಳಿ, ಹಳೆಯದನ್ನು ಬಿಚ್ಚಿ ಅಳತೆಗೆ ಒಯ್ಯಿರಿ. ಬಕೆಟ್ ತುಂಬುವ ನಲ್ಲಿಗೆ ಹಾಕಿದರೆ ಉಳಿತಾಯವಿಲ್ಲ, ಬಕೆಟ್ ತುಂಬುವುದು ತಡ ಅಷ್ಟೇ. ಸಿಂಕ್ ಮತ್ತು ವಾಷ್‌ಬೇಸಿನ್‌ಗೆ ಸಾಕು.