ವರ್ನಿಯರ್ ಒರೆಸಿದ ಹುಡುಗ

ಬೆಳಗಾವಿ ಹತ್ತಿರದ ಒಂದು ಐಟಿಐಯಲ್ಲಿ ನಾನು ಟರ್ನರ್, ಅಂದರೆ ಲೇತ್ ಮಶಿನ್ನಿನಲ್ಲಿ ಲೋಹ ಕಡೆಯುವ ಕೆಲಸ, ಕಲಿಸುತ್ತೇನೆ. ಪಾಸಾದ ಮಕ್ಕಳಿಗೆ ಅಪ್ರೆಂಟಿಸ್ ಜಾಗ ಹುಡುಕುವುದೂ ನನ್ನದೇ ಕೆಲಸ. ಮೊದಲ ವರ್ಷ ಉದ್ಯಮಬಾಗದ ವರ್ಕ್‌ಶಾಪುಗಳಿಗೆ ಪತ್ರ ಬರೆದು ಕಾದೆ. ಒಂದು ಉತ್ತರವೂ ಬರಲಿಲ್ಲ. ಆಮೇಲೆ ಬೈಕ್ ಹತ್ತಿ ಒಂದೊಂದೇ ಶೆಡ್ಡಿಗೆ ಹೋಗತೊಡಗಿದೆ.

ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಮಾತು: ‘ಸರ್, ನಾವು ಕಲಿಸ್ತೀವಿ, ಕಲಿತ ಮೇಲೆ ಪುಣೆಗೆ ಹೋಗ್ತಾರೆ.’ ಅದು ಸುಳ್ಳೇನಲ್ಲ. ಹಾಗಾಗಿ ವಾದ ಮಾಡುವುದನ್ನು ಬಿಟ್ಟೆ. ‘ಕೆಲಸ ಕೊಡಿ ಅಂತ ಕೇಳಲ್ಲ. ಒಬ್ಬ ಹುಡುಗನನ್ನು ಕರ್ಕೊಂಡು ಬರ್ತೀನಿ. ಎರಡು ಗಂಟೆ ನೋಡಿ, ಸಾಕು’ ಎಂದೆ.

ಮೊದಲು ಒಪ್ಪಿದವರು ಹನ್ನೆರಡು ಜನರ ಒಂದು ಮಶಿನ್ ಶಾಪಿನ ಮಾಲೀಕರು. ಹುಡುಗನ ಕೈಗೆ ಒಂದು ಬುಷ್ (ಟೊಳ್ಳು ಕೊಳವೆಯಂಥ ಬಿಡಿಭಾಗ), ಒಂದು ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಕೊಟ್ಟು ‘ಹೊರಗಿನ ಅಳತೆ ಹೇಳು’ ಎಂದರು. ಅವನ ಬೆರಳು ಸಣ್ಣಗೆ ನಡುಗುತ್ತಿತ್ತು. ಆದರೂ ಮೊದಲು ಬನಿಯನ್ ವೇಸ್ಟ್ ತಗೊಂಡು ವರ್ನಿಯರಿನ ದವಡೆ ಒರೆಸಿದ. ಮುಚ್ಚಿ, ಬೆಳಕಿಗೆ ಹಿಡಿದು, ಸೊನ್ನೆಗೆ ಸೊನ್ನೆ ಕೂಡಿದೆಯಾ ನೋಡಿದ. ಆಮೇಲೆ ಬುಷ್ ಒರೆಸಿ ಎರಡು ಕಡೆ ಅಳತೆ ತೆಗೆದ. 0.02 ಮಿ.ಮೀ. ಗೆರೆಯೂ ತಪ್ಪಲಿಲ್ಲ. ಮಾಲೀಕರ ಗಮನ ಮಾತ್ರ ಆ ಬಟ್ಟೆ ಚೂರಿನ ಮೇಲೇ ಇತ್ತು. ‘ನಮ್ಮಲ್ಲಿ ಐದು ವರ್ಷದಿಂದ ಇರೋರೂ ಒರೆಸಲ್ಲ’ ಎಂದರು. ಆ ಸೋಮವಾರವೇ ಅವನು ಸೇರಿದ.

ಲೆಕ್ಕದ ಮಾತು ಬಂದದ್ದು ಅದರ ನಂತರ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 30 ಜನ ಅಥವಾ ಜಾಸ್ತಿ ಇದ್ದರೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. 4ರಿಂದ 29 ಜನ ಇದ್ದರೆ ಅವರಿಷ್ಟ. 2016ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1500 ರೂಪಾಯಿವರೆಗೆ, ಸರ್ಕಾರ ಕೊಡುತ್ತದೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಿಲ್ಲ. ‘ಕೈ ಕೊಯ್ದುಕೊಂಡ್ರೆ?’ ಎಂದು ಕೇಳುವವರಿಗೆ ನಿಜವನ್ನೇ ಹೇಳುತ್ತೇನೆ: ಪರಿಹಾರದ ಹೊಣೆ ನಿಮ್ಮದೇ, ಗಾರ್ಡ್ ಇಲ್ಲದ ಮಶಿನ್ನಿಗೆ ಮಗುವನ್ನು ನಿಲ್ಲಿಸಬೇಡಿ. ಇದನ್ನು ಮುಚ್ಚಿಟ್ಟು ಜಾಗ ಗಿಟ್ಟಿಸಿಕೊಳ್ಳುವುದು ನನಗೆ ಸರಿ ಅನ್ನಿಸಿಲ್ಲ.

ಒಂದು ಕಡೆ ನಾನೇ ಎಡವಿದೆ. ದೊಡ್ಡ ಶೆಡ್ಡು, ಒಳ್ಳೆಯ ಮಶಿನ್ನು ನೋಡಿ ಮೂವರನ್ನು ಬಿಟ್ಟು ಬಂದೆ, ಮತ್ತೆ ಹೋಗಿ ನೋಡಲಿಲ್ಲ. ಎರಡು ತಿಂಗಳು ಅವರಿಂದ ಚಿಪ್ಸ್ (ಕಡೆದಾಗ ಉದುರುವ ಲೋಹದ ಚೂರು) ಗುಡಿಸಿಸಿ, ಲೋಡ್ ಹೊರಿಸಿದ್ದಾರೆ. ಒಬ್ಬ ಹುಡುಗನ ಅಪ್ಪ ಫೋನ್ ಮಾಡಿ ‘ಇದಕ್ಕೆ ಎರಡು ವರ್ಷ ಓದಬೇಕಿತ್ತಾ ಸರ್?’ ಅಂತ ಕೇಳಿದರು. ಮೂವರನ್ನೂ ಹೊರಗೆ ಕರೆತಂದೆ. ಅವತ್ತಿನಿಂದ ಮೊದಲ ತಿಂಗಳು ಯಾವ ಮಶಿನ್, ಯಾರ ಕೈಕೆಳಗೆ ಅಂತ ಮೊದಲೇ ಬರೆಸಿಕೊಳ್ಳುತ್ತೇನೆ. ಹದಿನೈದು ದಿನಕ್ಕೊಮ್ಮೆ ಹೋಗಿ ನಿಂತು ನೋಡುತ್ತೇನೆ.

ನಮ್ಮ ಹಳ್ಳಿ ಮಕ್ಕಳಿಗೆ ಬಸ್ಸೇ ದೊಡ್ಡ ತೊಂದರೆ. ಪಾಳಿ ಎಂಟೂವರೆಗೆ, ಬಸ್ ಬರೋದು ಒಂಬತ್ತಕ್ಕೆ. ಆ ಮಶಿನ್ ಶಾಪಿನವರು ‘ಅರ್ಧ ಗಂಟೆ ಸಂಜೆ ಜಾಸ್ತಿ ಕೂರಲಿ ಬಿಡಿ’ ಎಂದರು. ಕೇಳಿದರೆ ಆಗುವ ಕೆಲಸ. ಕೇಳುವವರು ಬೇಕು, ಅಲ್ವಾ?

ಬರುವ ಮಂಗಳವಾರ ಹೈಡ್ರಾಲಿಕ್ ಬಿಡಿಭಾಗ ಮಾಡುವ ಒಂದು ಶಾಪಿಗೆ ಫಿಟ್ಟರ್ ಕಲಿತ ಇಬ್ಬರು ಹುಡುಗಿಯರನ್ನು ಕರೆದೊಯ್ಯುತ್ತಿದ್ದೇನೆ. ಅಲ್ಲಿ ಇದುವರೆಗೆ ಹೆಣ್ಣುಮಕ್ಕಳು ಕೆಲಸ ಮಾಡಿಲ್ಲ. ಶೌಚಾಲಯದ ಬಾಗಿಲಿಗೆ ಒಳಚಿಲಕ ಇರಲಿಲ್ಲ, ಹಾಕಿಸಿ ಎಂದಿದ್ದೆ. ನಿನ್ನೆ ರಾತ್ರಿ ಮಾಲೀಕರು ಹೊಸ ಚಿಲಕದ ಫೋಟೋ ಕಳಿಸಿದ್ದಾರೆ.