ಸೈಟಿನ ಹಣವನ್ನು ಷೇರಿಗೆ ಹಾಕಿದ ನನ್ನ ಅನುಭವ

2007ರ ದೀಪಾವಳಿಯ ಹೊತ್ತಿಗೆ, ನಾನು ಕೆಲಸ ಮಾಡುತ್ತಿದ್ದ ಪೀಣ್ಯದ ಕಾರ್ಖಾನೆಯಲ್ಲಿ ಊಟದ ವೇಳೆಯ ಮಾತೆಲ್ಲ ಷೇರಿನದೇ ಆಗಿತ್ತು. ಕೆಂಗೇರಿಯ ಬಳಿ ಸೈಟು ಕೊಳ್ಳಲೆಂದು ಚೀಟಿ ಎತ್ತಿ ಕೂಡಿಟ್ಟಿದ್ದ ನಾಲ್ಕು ಲಕ್ಷ ರೂಪಾಯಿ, ಒಂದು ವರ್ಷದಲ್ಲಿ ಆರು ಲಕ್ಷವಾದರೆ ಮೂಲೆ ಸೈಟೇ ಸಿಕ್ಕೀತೆಂಬ ಲೆಕ್ಕದಲ್ಲಿ, ಷೇರುಪೇಟೆ ಸೇರಿತು. 2008ರ ಜನವರಿ 8ರಂದು 20,873ರಲ್ಲಿದ್ದ ಮುಂಬಯಿ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಅಕ್ಟೋಬರ್ 24ಕ್ಕೆ 8,701ಕ್ಕೆ ಇಳಿದಿತ್ತು. ಮರುವಾರವೇ ಎಲ್ಲವನ್ನೂ ಮಾರಿದೆ.

ಇನ್ನೂ ಇಳಿದಾಗ ಕೊಳ್ಳೋಣವೆಂದು ಕಾದೆ. 2009ರ ಮಾರ್ಚ್‌ನಲ್ಲಿ ನಿಜಕ್ಕೂ 8,160ಕ್ಕೆ ಇಳಿಯಿತು. ಇನ್ನಷ್ಟು ಇಳಿಯಲಿ ಎಂದುಕೊಂಡೆ. ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಬಳಿಕ, ಮೇ 18ರ ಸೋಮವಾರ, ಪೇಟೆ ತೆರೆಯುತ್ತಿದ್ದಂತೆ ಮೇಲಿನ ಸರ್ಕ್ಯೂಟ್, ಅಂದರೆ ಏರಿಕೆಗೆ ಇಟ್ಟ ಮಿತಿ, ಮುಟ್ಟಿ ವಹಿವಾಟೇ ನಿಂತಿತು. ಒಂದೇ ದಿನ 2,110 ಅಂಶಗಳ ಏರಿಕೆ, ಕೊಳ್ಳಬೇಕೆಂದರೂ ಕೊಳ್ಳುವಂತಿರಲಿಲ್ಲ.

ನನಗೆ ಗುಂಡಿಗೆ ಸಾಲದೆಂದೇ ಬಹಳ ಕಾಲ ನಂಬಿದ್ದೆ. ಒಮ್ಮೆ ಹಳೆಯ ಪಾಸ್‌ಬುಕ್ ತಿರುವುವಾಗ ಬೇರೆಯದೇ ಹೊಳೆಯಿತು: ಆ ಹಣಕ್ಕೆ ನಾನಿಟ್ಟಿದ್ದ ಗಡುವೇ ಒಂದು ವರ್ಷ. ಸೈಟಿನವರು ಮುಂಗಡಕ್ಕೆ ದಿನವೂ ಫೋನ್ ಮಾಡುತ್ತಿರುವಾಗ ಎಂಥ ಸಮಾಧಾನಿಯಾದರೂ ಮಾರಿಯೇ ಮಾರುತ್ತಿದ್ದ.

ಹಾಗಾಗಿ 2011ರಲ್ಲಿ ಮತ್ತೆ ತೊಡಗಿದಾಗ, ಸ್ವಭಾವವನ್ನು ತಿದ್ದುವ ಗೋಜಿಗೆ ಹೋಗದೆ, ಆರು ತಿಂಗಳ ಮನೆಖರ್ಚನ್ನೂ, ಮಗಳ ಕಾಲೇಜು ಶುಲ್ಕವೂ ಸೇರಿದಂತೆ ಐದು ವರ್ಷದೊಳಗೆ ಬೇಕಾಗುವ ಹಣವನ್ನೂ ಮೊದಲು ಬ್ಯಾಂಕಿನ ಠೇವಣಿಯಲ್ಲಿಟ್ಟೆ. ಉಳಿದದ್ದರಲ್ಲಿ ತಿಂಗಳಿಗೆ ಐದು ಸಾವಿರ ರೂಪಾಯಿ, ಸಂಬಳ ಬಂದ ಎರಡನೆಯ ದಿನವೇ, ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೇ ಕೊಳ್ಳುವ ಇಂಡೆಕ್ಸ್ ಫಂಡಿನ ಎಸ್‌ಐಪಿಗೆ (ತಿಂಗಳ ಕಂತಿನ ಹೂಡಿಕೆಗೆ) ತಾನಾಗಿ ಹೋಗುತ್ತಿತ್ತು. ಮಾರಬೇಕೆನಿಸಿದರೆ ಕಾರಣವನ್ನು ಡೈರಿಯಲ್ಲಿ ಬರೆದು ಒಂದು ತಿಂಗಳು ಬಿಡುವುದೆಂದು ಗೊತ್ತುಮಾಡಿಕೊಂಡೆ. ಆ ವರ್ಷಗಳಲ್ಲಿ ನನ್ನನ್ನು ಕಾಡಿದ್ದು ಪೇಟೆಯ ಇಳಿತವಲ್ಲ, ಎದುರುಮನೆಯವರು ಬಂದಾಗಲೆಲ್ಲ ಹೇಳುತ್ತಿದ್ದ ಅವರ ಸೈಟಿನ ಬೆಲೆ. (ಮಾರಿದ್ದರೆ ಎಷ್ಟು ಕೈಸೇರುತ್ತಿತ್ತೋ, ಅವರೆಂದೂ ಮಾರಲಿಲ್ಲ.)

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,935 ಅಂಶ ಕುಸಿದು 25,981ಕ್ಕೆ ಬಂತು. ಆ ರಾತ್ರಿ ಡೈರಿಯಲ್ಲಿ, ಮಾರಲು ಕಾರಣವೆಂಬ ಸಾಲಿನ ಮುಂದೆ, "ಹೆದರಿಕೆ" ಎಂಬ ಒಂದೇ ಪದ ಬರೆಯಲು ಸಾಧ್ಯವಾಯಿತು. ಮನೆಯವಳು "ಈ ದುಡ್ಡು ಈಗ ಯಾತಕ್ಕಾದರೂ ಬೇಕಿತ್ತಾ ನಿಮಗೆ?" ಎಂದು ಕೇಳಿದಳು. ಬೇಕಿರಲಿಲ್ಲ. ಏಪ್ರಿಲ್ ಕಂತೂ ಎಂದಿನಂತೆ ಹೋಯಿತು.

ಆದರೆ ಅದೇ ವಾರ ಕೈಯಲ್ಲಿ ಎರಡು ಲಕ್ಷ ರೂಪಾಯಿ ಹೆಚ್ಚುವರಿಯಾಗಿ ಇತ್ತೆಂಬುದನ್ನೂ ಹೇಳಬೇಕು. ಇನ್ನೂ ಇಳಿಯಲಿ ಎಂದು ಅದನ್ನು ಹಾಗೇ ಇಟ್ಟುಕೊಂಡೆ. ನವೆಂಬರ್‌ನಲ್ಲಿ ಸೆನ್ಸೆಕ್ಸ್ 40,000 ದಾಟಿದಾಗಲೂ ಅದು ಉಳಿತಾಯ ಖಾತೆಯಲ್ಲಿಯೇ ಇತ್ತು.