ನೆಟ್ ಸವರಿ ಸಾಗುವ ಸರ್ವ್: ಕಲಿಯುವುದು ಹೇಗೆ?

ಹೊಸದಾಗಿ ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದವರಿಗೆ ಮೊದಲ ದಿನವೇ ಸ್ಮ್ಯಾಷ್ ಹೊಡೆಯುವ ಆಸೆ. ಆದರೆ ಎದುರಾಳಿಯ ಕಾಟವಿಲ್ಲದೆ ನಮ್ಮ ಪಾಡಿಗೆ ನಾವು ಆಡಬಹುದಾದ ಹೊಡೆತವೆಂದರೆ ಆಟ ಶುರುಮಾಡುವ ಸರ್ವ್ ಒಂದೇ. ಅದನ್ನೇ ಮೊದಲು ಕಲಿಯಿರಿ. ಅದರಲ್ಲೂ ಡಬಲ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ, ಕೈಯ ಹಿಂಬದಿಯನ್ನು ಎದುರಾಳಿಯತ್ತ ಮಾಡಿ ಶಟಲನ್ನು ನೆಟ್‌ನ ಆಚೆ ಹತ್ತಿರಕ್ಕೇ ಕಳಿಸುವ ಬ್ಯಾಕ್‌ಹ್ಯಾಂಡ್ ಶಾರ್ಟ್ ಸರ್ವ್‌ನಿಂದ ಆರಂಭಿಸಿ. ಕೈ ಬೀಸುವುದು ಕಡಿಮೆಯಾದಷ್ಟೂ ತಪ್ಪು ಕಡಿಮೆ.

ನೆಟ್‌ನಿಂದ 1.98 ಮೀಟರ್ ದೂರದಲ್ಲಿರುವ ಸರ್ವಿಸ್ ಗೆರೆಯ ಹಿಂದೆ, ನಡುಗೆರೆಯ ಹತ್ತಿರ ನಿಲ್ಲಿ. ಬಲಗೈಯವರು ಬಲಗಾಲು ಮುಂದಿಡಲಿ. ಗೆರೆ ತುಳಿಯಬಾರದು, ಶಟಲ್ ಹೊರಡುವವರೆಗೆ ಪಾದ ಕದಲಬಾರದು. ನಿಮ್ಮ ಅಂಕ ಸಮಸಂಖ್ಯೆಯಾಗಿದ್ದರೆ ಬಲಬದಿಯಿಂದ, ಬೆಸವಾಗಿದ್ದರೆ ಎಡಬದಿಯಿಂದ ಓರೆಯಾಗಿ ಎದುರು ಬದಿಯ ಚೌಕಕ್ಕೆ ಸರ್ವ್ ಮಾಡಬೇಕು.

ಹೆಬ್ಬೆರಳನ್ನು ರ‍್ಯಾಕೆಟ್ ಹಿಡಿಯ ಹಿಂಬದಿಯ ಅಗಲ ಮೈಗೆ ಆನಿಸಿ, ಉಳಿದ ಬೆರಳುಗಳನ್ನು ಸಡಿಲ ಬಿಡಿ. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಶಟಲ್‌ನ ಗರಿಯಂಚನ್ನು ಹಿಡಿಯಿರಿ. ಶಟಲ್‌ನ ದುಂಡು ತುದಿಯಾದ ಕಾರ್ಕ್ ರ‍್ಯಾಕೆಟ್ ಕಡೆಗಿರಲಿ.

ಬಹಳಷ್ಟು ಮಂದಿ ಎಡವುವುದು ಇದರ ಮುಂದಿನ ಕ್ಷಣದಲ್ಲಿ. ಶಟಲನ್ನು ಮೇಲಕ್ಕೆ ಚಿಮ್ಮಿಸಿ ಹೊಡೆಯಲು ಹೋಗುತ್ತಾರೆ. ಬೇಡ. ರ‍್ಯಾಕೆಟ್ಟಿನ ತಂತಿ ಆಗಲೇ ಕಾರ್ಕ್‌ನ ಪಕ್ಕದಲ್ಲಿದೆ. ಬೆರಳು ಬಿಡಿಸಿ, ಬಿಡಿಸಿದೊಡನೆ ಹೆಬ್ಬೆರಳಿನ ಬಲದಿಂದ ಮುಂದಕ್ಕೆ ತಳ್ಳಿ, ಅಷ್ಟೇ. ಮಣಿಕಟ್ಟನ್ನು ಝಾಡಿಸಬೇಡಿ. ತಂತಿ ಕಾರ್ಕ್‌ಗೆ ತಾಗಿದರೆ 'ಟಕ್' ಎಂಬ ಮೆದು ಸದ್ದು ಬರುತ್ತದೆ. ಮೊದಲು ಗರಿಗೆ ತಾಗಿದರೆ ಸದ್ದು ಒಡಕು, ನಿಯಮದ ಪ್ರಕಾರ ಅದು ಫಾಲ್ಟ್ ಕೂಡ.

ಎತ್ತರದ ಕಡೆಗೂ ಗಮನವಿರಲಿ. ಹಿಂದೆ ಸೊಂಟದ ಮಟ್ಟವೇ ಮಿತಿಯಾಗಿತ್ತು. 2018ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಂದ ನಿಯಮದಂತೆ, ಹೊಡೆಯುವಾಗ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಮನೆಯ ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಅಭ್ಯಾಸಕ್ಕೆ ನೆಟ್‌ನ ಮೇಲೆ ಒಂದು ಗೇಣು ಬಿಟ್ಟು ದಾರ ಕಟ್ಟಿ, ಆ ಸಂದಿನಲ್ಲಿ ಶಟಲ್ ನುಸುಳಿಸಿ. ಅದು ನೆಟ್ ದಾಟುವ ಮೊದಲೇ, ನಿಮ್ಮ ಕಡೆಯಲ್ಲೇ ತನ್ನ ಎತ್ತರ ಮುಟ್ಟಿ ಇಳಿಯತೊಡಗಬೇಕು. ಏರುತ್ತಾ ದಾಟಿದ ಶಟಲ್ ಎದುರಾಳಿಗೆ ಹಬ್ಬ. ಕೋರ್ಟ್ ಸಿಗಲಿಲ್ಲವೆಂದು ಕೈಕಟ್ಟಿ ಕೂರಬೇಡಿ, ಗಾಳಿಯಿಲ್ಲದ ಹೊತ್ತಿನಲ್ಲಿ ಅಂಗಳದಲ್ಲೇ ಹಗ್ಗ ಬಿಗಿಯಿರಿ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆ ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ, ಮದುವೆಗಳೂ ನಡೆಯುತ್ತಿದ್ದ ಹಾಲ್‌ನಲ್ಲಿ.

ಹತ್ತರಲ್ಲಿ ಎಂಟು ಸರ್ವ್ ಆ ಸಂದಿನಲ್ಲಿ ದಾಟತೊಡಗಿದ ಮೇಲೆ, ನಿಲುವು ಬದಲಿಸದೆ, ಶಟಲನ್ನು ಥಟ್ಟನೆ ಎದುರಾಳಿಯ ತಲೆಯ ಮೇಲಿಂದ ಹಿಂದಕ್ಕೆ ಹಾರಿಸುವ ಫ್ಲಿಕ್ ಸರ್ವ್‌ಗೆ ಕೈ ಹಾಕಿ.